ದಿ ಸಿಂಕಿಂಗ್ ಸಿಟಿ: ಪತ್ತೇದಾರಿಕಿ ಸಲುವಾಗಿ ತಗೊಳ್ಳಬೇಕೋ, ಬ್ಯಾಡೋ?

ಉಣಕಲ್ಲ ದಂಡಿ (ಹುಬ್ಬಳ್ಳಿ):

ಈ ಗೇಮ್ ಬಗ್ಗೆ ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ತಾಳಿ ಆಗೂದಿಲ್ಲ. ಕೆಲವರು ಪತ್ತೇದಾರಿ ಗೇಮ್ ಅಂದ್ರ ಇದ ಅಂತಾರ, ಕೆಲವರು ಅರ್ಧ ಬೆಂದ ರೊಟ್ಟಿ ಅಂತಾರ. ಆಡಿ ಮುಗಿಸಿದವರು ಮೂರು ಮಾತಿಗೆ ಉತ್ತರ ಕೊಡ್ರಿ. ತನಿಖೆ ಖರೇನ ನಮ್ಮ ತಲಿಗೆ ಬಿಟ್ಟಾರೋ, ಬಾಣದ ಗುರುತು ನೋಡಿಕೊಂತ ಓಡೂದೋ? ಗುಂಡು ಹೊಡಿಯೂ ಭಾಗ ಎಷ್ಟು ಕೆಟ್ಟೈತಿ? ಕಾಸ್ಮಿಕ್ ಹಾರರ್ ಅಂತಾರಲ್ಲ, ಬ್ರಹ್ಮಾಂಡದ ಮುಂದ ಮನಷ್ಯಾ ಏನೂ ಅಲ್ಲ ಅನ್ನೂ ಅಂಜಿಕಿ, ಅದು ಐತೋ, ಬರೇ ಆಕ್ಟೋಪಸ್ ಕೈಕಾಲು ತೋರಿಸಿ ಮುಗಿಸ್ಯಾರೋ? ಲ್ಯಾಪ್‌ಟಾಪ್ 8 ಜಿಬಿ ರ್‍ಯಾಮಿಂದು, ಹಳೇ ಹಾರ್ಡ್ ಡಿಸ್ಕ್. ಕಥಿ ಮಾತ್ರ ಒಡೀಬ್ಯಾಡ್ರಿ.

ಸಾಧನಕೇರಿ_64 (ಧಾರವಾಡ):

ಮೊದಲನೇದಕ್ಕ ಉತ್ತರ: ಹೌದ್ರಿ, ಬಹುತೇಕ ನಿಮ್ಮ ತಲಿಗೇ ಬಿಟ್ಟಾರ. ಮಾಡಿದವರು ಫ್ರಾಗ್‌ವೇರ್ಸ್, ಉಕ್ರೇನಿನ ಸ್ಟುಡಿಯೋ. ಶೆರ್ಲಾಕ್ ಹೋಮ್ಸ್ ಗೇಮ್ ಮಾಡಿ ಮಾಡಿ ಕೈ ಪಳಗಿದವರು. ಇದು ಬಂದಿದ್ದು 2019ರ ಜೂನ್‌ನಾಗ. 1920ರ ದಶಕ, ಮ್ಯಾಸಚೂಸೆಟ್ಸಿನಾಗ ಓಕ್‌ಮಾಂಟ್ ಅಂತ ಒಂದು ಕಲ್ಪಿತ ಊರು, ಅರ್ಧ ನೀರಾಗ ಮುಳುಗೇತಿ. ನೀವು ಚಾರ್ಲ್ಸ್ ರೀಡ್. ಮೊದಲು ನೌಕಾಪಡೆಯವ, ಈಗ ಖಾಸಗಿ ಪತ್ತೇದಾರ.

ಎಲ್ಲಿ ಹೋಗಬೇಕಂತ ನಕಾಶಿ ಮ್ಯಾಲೆ ತಾನಾಗೇ ಗುರುತು ಬೀಳೂದು ಕಡಿಮಿ. ಸಿಕ್ಕ ಕಾಗದದಾಗ "ಇಂಥಾ ಏರಿಯಾ, ಇಂಥಾ ರೋಡು, ಆ ರೋಡಿಗೂ ಈ ರೋಡಿಗೂ ನಡುವ" ಅಂತ ಬರದಿರತೈತಿ. ಹುಬ್ಬಳ್ಳಿ ಕೊಪ್ಪಿಕರ ರೋಡಿನ ಅಂಗಡಿ ವಿಳಾಸ ನಾವು ಹೇಳೂದೂ ಹಂಗ ಅಲ್ಲೇನ್ರಿ? ನಕಾಶಿ ತಗದು, ಆ ರೋಡು ಹುಡುಕಿ, ಗುರುತು ನೀವ ಹಾಕಬೇಕು. ಈ ಗೇಮಿನ ಭಾಳ ಚೊಲೋ ಕೆಲಸ ಇದ.

ಆಡೋರು ತಡವರಿಸೂದು ದಫ್ತರದಾಗ, ಅಂದ್ರ ಹಳೇ ದಾಖಲೆ ಹುಡುಕೂ ಕಡೆ. ಹುಡುಕೂಕಿಂತ ಮೊದಲು ಕೇಸ್‌ಬುಕ್ಕಿನಾಗ ಆ ಸಾಕ್ಷ್ಯ ಪಿನ್ ಮಾಡ್ರಿ.  ಆಮ್ಯಾಲೆ ಸರಿಯಾದ ಕಚೇರಿ: ಅಪರಾಧ ಇದ್ದರ ಪೊಲೀಸ್ ಠಾಣೆ, ಮನಿತನ ಮತ್ತ ಆಸ್ತಿ ಸಂಗತಿ ಸಿಟಿ ಹಾಲ್, ಗಾಯ-ರೋಗ ಆಸ್ಪತ್ರಿ, ಊರಾಗ ನಡದ ಸುದ್ದಿ ಓಕ್‌ಮಾಂಟ್ ಕ್ರಾನಿಕಲ್ ಪತ್ರಿಕಾ ಕಚೇರಿ, ಪಂಥ ಮತ್ತ ಹಳೇ ಚಿಹ್ನಿ ಅಂದ್ರ ಗ್ರಂಥಾಲಯ. ಅಲ್ಲಿ ಮೂರು ಅಂಶ ಆರಿಸಬೇಕು. ವಿಷಯ, ಕಾಲ, ಏರಿಯಾ ಇಂಥಾವು. ತಪ್ಪಾಗೂದು ಹೆಚ್ಚಾಗಿ ಕಾಲದಾಗ. ಪ್ರವಾಹಕ್ಕಿಂತ ಮೊದಲಿಂದೋ ಆಮ್ಯಾಲಿಂದೋ ಅಂತ ಕಾಗದದಾಗ ಇನ್ನೊಮ್ಮೆ ಓದಿ ಒತ್ತರಿ.

ಎರಡು ಕಡೆ ಮಾತ್ರ ಸಡಿಲ ಬಿಟ್ಟಾರ. ಸತ್ತವರ ನೆರಳು ನೋಡಿ ಘಟನಾಕ್ಕ 1, 2, 3 ಅಂತ ನಂಬರ್ ಹಚ್ಚೂದೈತಿ. ತಪ್ಪಿದ್ರ ದಂಡ ಏನೂ ಇಲ್ಲ, ಮತ್ತ ಹಚ್ಚೂದು. ಮೈಂಡ್ ಪ್ಯಾಲೇಸ್‌ನಾಗ ಸುಳಿವು ಜೋಡಿಸೂದೂ ಅಷ್ಟ. ತಲಿ ಓಡದಿದ್ದರ ಒಂದೊಂದ ಜೋಡಿಸಿಕೊಂತ ಹೋದ್ರೂ ಕೂಡತಾವ. ಹಿಂಗಾಗಿ ಜಾಣನೂ ಪಾಸು, ಅಡ್ಡಾದಿಡ್ಡಿ ಒತ್ತಿದವನೂ ಪಾಸು.

ಬ್ಯಾಡಗಿ ಘಾಟು (ಹಾವೇರಿ):

ಮ್ಯಾಲಿನವರು ಭಾಳ ಮೆತ್ತಗ ಹೇಳ್ಯಾರ. ಎರಡನೇ ಪ್ರಶ್ನಾಕ್ಕ ನೇರ ಉತ್ತರ: ಗುಂಡು ಹೊಡಿಯೂ ಭಾಗ ಕೆಟ್ಟೈತಿ, ಮ್ಯಾಲೆ ಬ್ಯಾಸರಕಿ ಬ್ಯಾರೆ. ಪೆಟ್ಟು ಬಿದ್ದಿದ್ದು ಕೈಗೆ ಗೊತ್ತಾಗೂದಿಲ್ಲ, ಗುರಿ ಜಾರತೈತಿ, ಸಣ್ಣ ಖೋಲಿಯಾಗ ಕ್ಯಾಮೆರಾ ಗ್ವಾಡಿಗೆ ತಾಗಿ ಕಣ್ಣಿಗೆ ಏನೂ ಕಾಣೂದಿಲ್ಲ. ವೈಲ್‌ಬೀಸ್ಟ್ ಅನ್ನೂ ಪ್ರಾಣಿಗಳ ಜಾತಿ ಬೆರಳಿನಾಗ ಎಣಿಸೂವಷ್ಟ. ಮೂರ್‍ನಾಲ್ಕು ತಾಸಿಗೆ ಎಲ್ಲಾದರ ಚಾಳಿ ಗೊತ್ತಾಗಿ ಅಂಜಿಕಿ ಹೋಗತೈತಿ, ಕಿರಿಕಿರಿ ಉಳೀತೈತಿ.

ಗುಂಡ ಊರಿನ ರೊಕ್ಕ ಅಂತ ಗೇಮ್ ಹೇಳತೈತಿ. ವಿಚಾರ ಎಷ್ಟು ಚೊಲೋ! ಒಂದು ಗುಂಡು ಹೊಡದ್ರ ಒಂದು ಊಟ ಹೋತು ಅನ್ನಿಸಬೇಕಿತ್ತು. ಖರೇ ನೋಡಿದ್ರ ಕೊಳ್ಳೂ ಅಂಥಾದ್ದು ಭಾಳ ಏನಿಲ್ಲ. ಡಬ್ಬಿ, ಕಪಾಟು ತಡಕಾಡಿ ಸಾಮಾನು ತಗೊಂಡು ಗುಂಡು ನೀವ ತಯಾರ ಮಾಡತೀರಿ. ಹಂಗಾದ ಮ್ಯಾಲೆ ರೊಕ್ಕದ ಮಾತು ಬಾಯಿಮಾತ ಆತು.

ಮನಿಗಳ ಕಥಿ ಇನ್ನೂ ಬ್ಯಾರೆ. ಹೊರಗಿಂದ ಊರು ಅಗದೀ ಚಂದ, ಹಸಿ ಕಟಗಿ ವಾಸನಿ ಮೂಗಿಗೆ ಬಂದಂಗ ಆಗತೈತಿ. ಒಳಗ ಹೋದ್ರ ಅದ ಪಡಸಾಲಿ, ಅದ ಮೆಟ್ಟಲು, ಅದ ಮೂಲ್ಯಾಗಿನ ಖೋಲಿ. ಯಾರ ಮನಿಗೆ ಹೋದ್ರೂ ಹೋದ ಕೇಸಿನ ಮನಿಗೇ ಬಂದಂಗ. ಪತ್ತೇದಾರಿ ಗೇಮಿಗೆ ಇದು ದೊಡ್ಡ ಕುಂದು, ಯಾಕಂದ್ರ ಮನಿ ನೋಡಿ ಮನಿಯವರನ್ನ ಓದೂದ ಪತ್ತೇದಾರನ ಕಸಬು.

ತಗೊಂಡ ಮ್ಯಾಲೆ ಇಷ್ಟು ಮಾಡ್ರಿ. ಶುರುವಿನಾಗ ಹೊಡೆದಾಟದ ಕಷ್ಟ, ತನಿಖೆಯ ಕಷ್ಟ ಬ್ಯಾರೆ ಬ್ಯಾರೆ ಇಡಾಕ ಬರತೈತಿ. ಹೊಡೆದಾಟ ಕೆಳಗ, ತನಿಖೆ ಮ್ಯಾಲೆ ಇಡ್ರಿ. ಸಣ್ಣ ಪ್ರಾಣಿಗೆ ಸಲಿಕಿ ಬೀಸಿದ್ರ ಸಾಕು, ಗುಂಡು ದೊಡ್ಡದಕ್ಕ ಉಳಸ್ರಿ. ಸೋಂಕು ತಗಲಿದ, ಅಂದ್ರ ಆ ಪ್ರಾಣಿಗಳು ತುಂಬಿದ ಏರಿಯಾ ನಕಾಶಿ ಮ್ಯಾಲೆ ಕಾಣತಾವ. ಕೇಸ್ ಇಲ್ಲದ ಅಲ್ಲಿ ಕಾಲಿಡಬ್ಯಾಡ್ರಿ. ಕಂಡ ಕಂಡ ಫೋನ್ ಬೂತ್ ಹತ್ತರ ಒಮ್ಮೆ ಹೋಗಿ ತೆರಕೊಳ್ರಿ, ಆಮ್ಯಾಲೆ ಒಂದು ಬೂತಿನಿಂದ ಇನ್ನೊಂದಕ್ಕ ಸೀದಾ ಹಾರಾಕ ಬರತೈತಿ, ಇಲ್ಲಂದ್ರ ಆಟದ ಅರ್ಧ ವ್ಯಾಳ್ಯಾ ದೋಣಿಯಾಗ ಹೋಗತೈತಿ.

ಬೆಟಗೇರಿ ಲಾಳಿ (ಗದಗ):

ಮೂರನೇ ಪ್ರಶ್ನೆಗೆ ಯಾರೂ ಕೈ ಹಾಕಿಲ್ಲ. ನನ್ನ ಲೆಕ್ಕದಲ್ಲಿ ಅಸಲಿ ತೊಡಕು ಇರುವುದು ಅಲ್ಲೇ.

ಹುಡುಕಿದರೆ ಉತ್ತರ ಸಿಗುತ್ತದೆ, ಸಿಕ್ಕರೆ ಲೋಕ ಒಂದಿಷ್ಟು ಸರಿಹೋಗುತ್ತದೆ ಅನ್ನುವ ನಂಬಿಕೆಯ ಮೇಲೆ ಪತ್ತೇದಾರಿ ಕಥೆ ನಿಂತಿದೆ. ಅಮೆರಿಕದ ಭಯಕಥೆಗಾರ ಲವ್‌ಕ್ರಾಫ್ಟ್ ಮಾದರಿಯ ಭಯ ಇದಕ್ಕೆ ತಿರುಗುಮುರುಗು: ತಿಳಿದಷ್ಟೂ ಕೇಡು, ತಿಳಿದವನಿಗೇ ಹುಚ್ಚು. ಇವೆರಡನ್ನೂ ಒಂದೇ ನೊಗಕ್ಕೆ ಕಟ್ಟಬೇಕಾದರೆ ಪ್ರತಿ ಸುಳಿವಿಗೂ ಬೆಲೆ ತೆರಬೇಕು. ಇಲ್ಲಿ ಅದಕ್ಕೊಂದು ಸ್ಯಾನಿಟಿ ಮೀಟರ್, ಅಂದರೆ ಬುದ್ಧಿಯ ಸ್ಥಿಮಿತದ ಅಳತೆ, ಇದೆ. ಭೀಕರವಾದದ್ದನ್ನು ಕಂಡರೆ, ರೀಡ್‌ನ ಒಳಗಣ್ಣು (ಬರಿಗಣ್ಣಿಗೆ ಕಾಣದ್ದನ್ನು ಕಾಣುವ ಶಕ್ತಿ) ಬಳಸಿದರೆ ಅದು ಇಳಿಯುತ್ತದೆ. ಪರದೆ ಬಾಗುತ್ತದೆ, ಇಲ್ಲದ ಪ್ರಾಣಿಗಳು ಬರುತ್ತವೆ. ಸರಿ. ಆದರೆ ಒಂದು ಮದ್ದು ಚುಚ್ಚಿಕೊಂಡರೆ ಮೀಟರ್ ಮೇಲಕ್ಕೆ! ಹುಚ್ಚು ಅನ್ನುವುದು ನೆಗಡಿಯ ಮಟ್ಟಕ್ಕೆ ಇಳಿಯಿತು. ಹುಚ್ಚಿನಿಂದ ಒಂದಾದರೂ ಸಾಕ್ಷ್ಯ ಸುಳ್ಳಾಗಿ ಕಂಡು, ನಾವು ತಪ್ಪು ಮನುಷ್ಯನ ಬಾಗಿಲು ಬಡಿಯುವಂತೆ ಮಾಡಿದ್ದರೆ ಈ ಮೀಟರಿಗೆ ಅರ್ಥ ಬರುತ್ತಿತ್ತು.

ಎಷ್ಟೋ ಕೇಸುಗಳ ಕೊನೆಗೆ ಯಾರನ್ನು ಉಳಿಸಬೇಕು, ಯಾರನ್ನು ಒಪ್ಪಿಸಬೇಕು ಎಂದು ಕೇಳುತ್ತದೆ. ಎರಡೂ ಕಡೆ ಪಾಪ ಇರುವಂತೆ ಬರೆದಿದ್ದಾರೆ, ಬರವಣಿಗೆ ಚೆನ್ನಾಗಿದೆ. ಆಮೇಲೆ ಊರು ಮಾತ್ರ ಬಹುಪಾಲು ಇದ್ದ ಹಾಗೇ ಇರುತ್ತದೆ. ಕಟ್ಟಕಡೆಗೆ ಮೂರು ದಾರಿ ತೆರೆಯುತ್ತವೆ. ಹಿಂದೆ ಏನೇ ಮಾಡಿದ್ದರೂ ಮೂರೂ ತೆರೆದೇ ಇರುತ್ತವೆ. ಮನುಷ್ಯನ ತೀರ್ಮಾನಕ್ಕೆ ಬ್ರಹ್ಮಾಂಡದಲ್ಲಿ ಬೆಲೆಯಿಲ್ಲ ಎನ್ನುವುದೇ ಇದರ ತಾತ್ಪರ್ಯ ಎಂದು ವಾದಿಸುವವರಿದ್ದಾರೆ. ವಾದ ಜಾಣತನದ್ದೇ. ನನಗೆ ಮಾತ್ರ ಅದು ತತ್ತ್ವಕ್ಕಿಂತ ಬಜೆಟ್ಟಿನ ಕಥೆಯಂತೆ ಕಾಣುತ್ತದೆ.

ಗೇಮಿನ ಆರಂಭದಲ್ಲೇ, ಆ ಕಾಲದಲ್ಲಿ ಅಲ್ಪಸಂಖ್ಯಾತರನ್ನು ಕೆಟ್ಟದಾಗಿ ನಡೆಸಿಕೊಂಡರು, ಅದು ತಪ್ಪು, ಆದರೂ ಮುಚ್ಚಿಡದೆ ತೋರಿಸುತ್ತೇವೆ ಎಂಬ ಅರ್ಥದ ಸೂಚನೆ ಬರುತ್ತದೆ. ಲವ್‌ಕ್ರಾಫ್ಟ್‌ನ ಜನಾಂಗದ್ವೇಷ ಗೊತ್ತಿರುವ ಮಾತು, ಹಾಗಾಗಿ ಈ ಪ್ರಾಮಾಣಿಕತೆ ಬೇಕಿತ್ತು. ಆದರೆ ಲವ್‌ಕ್ರಾಫ್ಟ್ ಕಥೆಯ ಕಲ್ಪಿತ ಊರು ಇನ್ಸ್‌ಮೌತಿನಿಂದ ಓಡಿಬಂದ ಮೀನುಮೋರೆಯ ನಿರಾಶ್ರಿತರು ಊರವರ ತಾತ್ಸಾರಕ್ಕೆ ಸಿಕ್ಕ ಬಡಪಾಯಿಗಳೂ ಹೌದು, ಅವರ ನಡುವೆ ನಿಜಕ್ಕೂ ಸಮುದ್ರದ ದೈವಕ್ಕೆ ನಡೆದುಕೊಳ್ಳುವ ಗುಟ್ಟಿನ ಪಂಥವೂ ಇದೆ. ಊರವರ ಸಂಶಯ ನಿಜವಾಗಿಬಿಟ್ಟರೆ ದ್ವೇಷ ತಪ್ಪು ಎಂದು ಹೇಳುವುದು ಹೇಗೆ? ಈ ಗಂಟನ್ನು ಕಟ್ಟಿದ್ದಾರೆ, ಬಿಚ್ಚಿಲ್ಲ.

ಸಾಧನಕೇರಿ_64:

ಲಾಳಿಯವರ ಬಜೆಟ್ಟಿನ ಮಾತು ಒಪ್ಪಿದೆ. ಮದ್ದಿನ ಮಾತು ಅರ್ಧ ಒಪ್ಪಿದೆ. ಮದ್ದಿಗೂ ಸಾಮಾನು ಬೇಕು, ಅದು ಖಾಲಿ ಇದ್ದಾಗ ಸೋಂಕಿನ ಏರಿಯಾದಾಗ ಸಿಕ್ಕ್ರ ಅಂಜಿಕಿ ಖರೇ ಬರತೈತಿ. ಎರಡು ಮೂರು ಸಲ ಅಷ್ಟ, ಅದೂ ಖರೇ.

ಉಣಕಲ್ಲ ದಂಡಿ:

ಎಲ್ಲಾರಿಗೂ ಶರಣ್ರಿ. ಹಂಗಾರ ಇದಕ್ಕಿಂತ 2018ರ ಕಾಲ್ ಆಫ್ ಕ್ಥುಲ್ಹು ಗೇಮ್ ಚೊಲೋ ಏನು? ಮತ್ತ ಹಾರ್ಡ್ ಡಿಸ್ಕಿನ ಮಾತು ಯಾರೂ ಆಡಲಿಲ್ಲ.

ಬ್ಯಾಡಗಿ ಘಾಟು:

ಅದು ಬ್ಯಾರೆ ಜಾತಿ. ಸಯನೈಡ್ ಅನ್ನೂ ಫ್ರೆಂಚ್ ಸ್ಟುಡಿಯೋದ್ದು. ತಿರುಗಾಡೂ ಊರಿಲ್ಲ, ಒಂದರ ಹಿಂದ ಒಂದು ಅಧ್ಯಾಯ. ಗುಂಡು ಹೊಡಿಯೂದು ಇಲ್ಲ ಅಂದ್ರೂ ನಡೀತೈತಿ, ಬದಲಿಗೆ ಅಡಗಿಕೊಂಡು ಸಾಗೂ ಭಾಗ ಅದಾವ, ಅವೂ ಕಿರಿಕಿರಿನ. ಮಾತು, ತಪಾಸಣಿ ಕೌಶಲದ ಪಾಯಿಂಟ್ ಮ್ಯಾಲೆ ನಿಂತಿರತಾವ. ಒಂದು ಎಚ್ಚರ: ವೈದ್ಯಕೀಯ ಮತ್ತ ನಿಗೂಢವಿದ್ಯೆ ಎರಡಕ್ಕ ಶುರುವಿನಾಗಷ್ಟ ಪಾಯಿಂಟ್ ಹಾಕಾಕ ಬರತೈತಿ, ಆಮ್ಯಾಲೆ ಏರೂದು ಪುಸ್ತಕ, ಸಾಮಾನು ಸಿಕ್ಕಾಗ ಮಾತ್ರ. ಅದಕ್ಕ ಮೊದಲ ಪಾಯಿಂಟ್ ಅಲ್ಲಿ ಇಡ್ರಿ. ಕಥಿ ಬೇಕಂದ್ರ ಅದು, ತನಿಖೆ ಬೇಕಂದ್ರ ಇದು.

ಹಾರ್ಡ್ ಡಿಸ್ಕ್ ಇದ್ದರ ಸಿಂಕಿಂಗ್ ಸಿಟಿ ಬ್ಯಾಡ್ರಿ. ದೋಣಿ ಜೋರ ಹೋದಂಗ ಊರು ಡಿಸ್ಕಿನಿಂದ ಲೋಡ್ ಆಗಬೇಕು. ಅದು ತಡ ಆದ್ರ ಗ್ವಾಡಿ ಮಸುಕು, ಜನ ಕಣ್ಣೆದುರಿಗೇ ಗಾಳಿಯಾಗಿಂದ ಉದುರತಾರ, ಆಟ ಜಗ್ಗತೈತಿ. ಮೊದಲು ಒಂದು ಎಸ್‌ಎಸ್‌ಡಿ (ಜೋರ ಓದೂ ಹೊಸ ನಮೂನಿ ಡಿಸ್ಕ್) ಹಾಕಸ್ರಿ. ವಿ-ಸಿಂಕ್ (ಪರದೆಗೂ ಚಿತ್ರಕ್ಕೂ ತಾಳ ಕೂಡಿಸೂ ಸೆಟ್ಟಿಂಗ್) ಇಟ್ಟು ಸೆಕೆಂಡಿಗೆ 30 ಫ್ರೇಮಿಗೆ ಕಟ್ಟಿದ್ರ ಏರಿಳಿತ ಕಡಿಮಿ. ನೆರಳು ಮಧ್ಯಮಕ್ಕ ಇಳಸ್ರಿ. 2025ರಾಗ ಹೊಸ ಎಂಜಿನ್ನಿನ ರಿಮಾಸ್ಟರ್, ಅಂದ್ರ ಇದ ಗೇಮಿನ ತಿದ್ದಿದ ಆವೃತ್ತಿ ಬಂದೈತಿ, ಚಿತ್ರ ಚಂದ ಆಗ್ಯಾವ, ಆದ್ರ ಅದರ ಎಂಜಿನ್ ಅನ್ರಿಯಲ್ 5, ಭಾರ. ನಿಮ್ಮ ಲ್ಯಾಪ್‌ಟಾಪಿಗೆ ಹಳೇದ ಹಗುರ.