ಸಹಾಯ ಬೇಕು: ಈಕ್ವಿಟಿಯೇ ಋಣಾತ್ಮಕವಾದಾಗ ಯಾವ ಅನುಪಾತ ನೋಡಬೇಕು?

ಮಾನ್ಯರೇ, ಕಾಸರಗೋಡಿನ ಕಾಲೇಜೊಂದರಲ್ಲಿ ಎಂ.ಕಾಂ. ಪ್ರಬಂಧಕ್ಕಾಗಿ ಬುಕಿಂಗ್ ಹೋಲ್ಡಿಂಗ್ಸ್ ಕಂಪನಿಯ (Booking.com ಮೊದಲಾದ ಆನ್‌ಲೈನ್ ಪ್ರಯಾಣ-ವಸತಿ ಕಾಯ್ದಿರಿಸುವ ತಾಣಗಳ ಒಡೆತನದ ಕಂಪನಿ) ಬ್ಯಾಲೆನ್ಸ್ ಶೀಟುಗಳನ್ನು ಹೋಲಿಸಿ ನೋಡುತ್ತಿದ್ದೇನೆ. 2022ರ ಕೊನೆಗೆ ಧನಾತ್ಮಕವಾಗಿದ್ದ ಷೇರುದಾರರ ಈಕ್ವಿಟಿ (ಒಟ್ಟು ಆಸ್ತಿಯಿಂದ ಹೊಣೆಗಾರಿಕೆಗಳನ್ನು ಕಳೆದು ಉಳಿಯುವ ಮೊತ್ತ) 2023ರ ಕೊನೆಗೆ ಋಣಾತ್ಮಕವಾಗಿದೆ; ಹಾಗೆಂದು ಕಂಪನಿಗೆ ಆ ವರ್ಷ ನಷ್ಟವಾಗಿಲ್ಲ, 400 ಕೋಟಿ ಡಾಲರಿಗೂ ಮಿಕ್ಕಿ ನಿವ್ವಳ ಲಾಭ ಗಳಿಸಿ, ಅದರ ದುಪ್ಪಟ್ಟಿಗೂ ಹೆಚ್ಚಿನ ಹಣವನ್ನು ಸ್ವಂತ ಷೇರುಗಳ ಮರುಖರೀದಿಗೆ ಸುರಿದಿದ್ದರಿಂದ ಈಕ್ವಿಟಿ ಕುಗ್ಗಿದೆ. ಹೀಗಿರುವಾಗ ಸಾಲ-ಈಕ್ವಿಟಿ ಅನುಪಾತಕ್ಕೆ ಅರ್ಥವೇ ಉಳಿಯುವುದಿಲ್ಲವೆಂಬುದು ನನ್ನ ಅನಿಸಿಕೆ.

ಇನ್ನೊಂದು ತೊಡಕೂ ಇದೆ. ಪ್ರಯಾಣಿಕರಿಂದ ಮುಂಗಡವಾಗಿ ಪಡೆದು, ಅವರ ವಾಸ್ತವ್ಯದವರೆಗೆ ಹೊಣೆಗಾರಿಕೆಯಾಗಿ ತೋರಿಸುವ ಮೊತ್ತವು (ನಮ್ಮ ಬೇಕಲದ ಹೋಂಸ್ಟೇಯವರು ಪಡೆಯುವ ಅಡ್ವಾನ್ಸಿನಂತೆಯೇ) ಯುರೋಪಿನ ಬೇಸಿಗೆಗೆ ಮೊದಲು ಉಬ್ಬಿ, ಡಿಸೆಂಬರಿನ ಹೊತ್ತಿಗೆ ಇಳಿಯುತ್ತದೆ. ಬಡ್ಡಿಯಿಲ್ಲದ ಈ ಮೊತ್ತವನ್ನು ಬಾಂಡ್ ಸಾಲದೊಡನೆ ಕೂಡಿಸಬೇಕೇ, ಪ್ರತ್ಯೇಕವಾಗಿಡಬೇಕೇ? ಈಕ್ವಿಟಿಯ ಬದಲಿಗೆ ಒಟ್ಟು ಆಸ್ತಿಯನ್ನು ಆಧಾರವಾಗಿಟ್ಟುಕೊಳ್ಳುವುದು ಸರಿಯೇ, ಕಾರ್ಯಾಚರಣೆಯ ನಗದು ಹರಿವನ್ನೇ? ಬಲ್ಲವರು ದಯವಿಟ್ಟು ತಿಳಿಸಬೇಕಾಗಿ ವಿನಂತಿ.