ಫೈನಲ್ ಯಾರ ಮನೆಯಲ್ಲಿ?

2026ರ ವಿಶ್ವಕಪ್ ಫುಟ್ಬಾಲಿನ ಫೈನಲ್ ಪಂದ್ಯವನ್ನು ಯಾರ ಮನೆಯಲ್ಲಿ ಕುಳಿತು ನೋಡಬೇಕೆಂಬ ಪ್ರಶ್ನೆಯನ್ನು ನಾಣಿ ಮೇ ತಿಂಗಳಲ್ಲೇ ಎತ್ತಿದಾಗ, ಸುಬ್ಬಣ್ಣನವರ ಜಗುಲಿಯ ಮೇಲಿದ್ದ ಯಾರೂ ತಲೆಯೆತ್ತಿ ನೋಡಲಿಲ್ಲ. ನ್ಯೂಜೆರ್ಸಿಯಲ್ಲಿ ಜುಲೈ 19ರ ಮಧ್ಯಾಹ್ನ ಮೂರಕ್ಕೆ ಶುರುವಾಗುವ ಆಟ, ನಮ್ಮಲ್ಲಿ ಸೋಮವಾರ ಹುಟ್ಟಿ ಅರ್ಧ ಗಂಟೆ ಕಳೆದ ಮೇಲೆ ಶುರುವಾಗುತ್ತದೆ. ಅಷ್ಟು ಹೊತ್ತಿಗೆ ತಾವು ಎಚ್ಚರವಾಗಿರುತ್ತೇವೆಂಬ ಭರವಸೆ ಮೇಷ್ಟ್ರಿಗಂತೂ ಇರಲಿಲ್ಲ. ಆದರೆ ನಾಣಿ ಬರಿಗೈಯಲ್ಲಿ ಬಂದಿರಲಿಲ್ಲ. ಅವನ ಕಂಕುಳಲ್ಲಿ ಸ್ಪೈರಲ್ ಬೈಂಡಿಂಗ್ ಮಾಡಿಸಿದ ಹದಿನಾಲ್ಕು ಪುಟಗಳ ಪುಸ್ತಕವೊಂದಿತ್ತು. ಮೊದಲ ಪುಟದಲ್ಲಿ ಅವನ ಮನೆಯ ಬಣ್ಣದ ಚಿತ್ರ, ಎರಡನೆಯದರಲ್ಲಿ ಅರವತ್ತೈದು ಅಂಗುಲದ ಟಿವಿ, ಮೂರನೆಯದರಲ್ಲಿ ಇನ್ವರ್ಟರು, ಮುಂದಕ್ಕೆ ಸೋಫಾದ ಆಸನ ಸಾಮರ್ಥ್ಯ, ಗೇಟಿನಿಂದ ಬಚ್ಚಲಿಗಿರುವ ದೂರ, ಕೊನೆಗೆ ಚಪ್ಪಲಿ ಬಿಡುವ ಜಾಗದ ನಕ್ಷೆ.

“ಏನಯ್ಯಾ ಇದು, ಸಾಲಕ್ಕೆ ಅರ್ಜಿಯೇ?” ಎಂದರು ಸುಬ್ಬಣ್ಣ.

“ಇದನ್ನು ಬಿಡ್ ಎನ್ನುತ್ತಾರೆ. ಬನ್ನಿ, ಕುಳಿತುಕೊಳ್ಳಿ ಎಂದ ಮಾತ್ರಕ್ಕೆ ಆತಿಥ್ಯವಾಗುವ ಕಾಲ ಇದಲ್ಲ. ಸೌದಿ ಅರೇಬಿಯ 2034ರ ವಿಶ್ವಕಪ್ಪಿಗೆ ಸಲ್ಲಿಸಿದ ಬಿಡ್ಡಿನಲ್ಲಿ ಹದಿನೈದು ಕ್ರೀಡಾಂಗಣಗಳಿವೆ, ಅದರಲ್ಲೊಂದನ್ನು ನೆಲದಿಂದ 350 ಮೀಟರ್ ಎತ್ತರದಲ್ಲಿ ಕಟ್ಟುತ್ತಾರಂತೆ. ವಿಶ್ವಕಪ್ ನಡೆಸುವ ಸಂಸ್ಥೆಯಾದ ಫಿಫಾದವರು ಎಲ್ಲವನ್ನೂ ತೂಗಿ ನೋಡಿ 500ಕ್ಕೆ 419.8 ಅಂಕ ಕೊಟ್ಟರು. ನೀವೂ ನನ್ನ ಮನೆಗೆ ಹಾಗೆಯೇ ಅಂಕ ಕೊಡಬೇಕು,” ಎಂದ ನಾಣಿ.

ಅಲ್ಲಿಯವರೆಗೆ ಅಡಿಕೆ ಕತ್ತರಿಸುತ್ತಿದ್ದ ಪದ್ದಣ್ಣ ಅಡಕತ್ತರಿಯನ್ನು ಕೆಳಗಿಟ್ಟ. “ಪರೀಕ್ಷೆಗೆ ಕುಳಿತವನೇ ಒಬ್ಬ. ಅವನಿಗೆ ಮೊದಲ ಸ್ಥಾನ ಕೊಡುವುದಕ್ಕೆ ದಶಮಾಂಶದ ಲೆಕ್ಕ ಏಕೆ ಬೇಕಾಯಿತು? ಪೂರ್ತಿ 420 ಕೊಡಲು ಮನಸ್ಸೊಪ್ಪದ ಆ ಮಹಾನುಭಾವನನ್ನು ನಾನೊಮ್ಮೆ ನೋಡಬೇಕು. ಅಂಥ ಪ್ರಾಮಾಣಿಕರು ಈಗ ಸಿಗುವುದಿಲ್ಲ.”

“ಇನ್ನೂರಕ್ಕೂ ಮಿಕ್ಕಿ ದೇಶಗಳು ಸದಸ್ಯರಾಗಿರುವ ಸಂಸ್ಥೆಯಲ್ಲಿ ಅರ್ಜಿ ಹಾಕಿದವರು ಒಬ್ಬರೇ ಹೇಗಾದರು?” ಎಂದು ಮೇಷ್ಟ್ರು ಕೇಳಿದರು.

“ಅದೇ ಕುಶಲಕಲೆ ಮೇಷ್ಟ್ರೇ,” ಎಂದ ಪದ್ದಣ್ಣ. “ಹಿಂದಿನ ಎರಡು ವಿಶ್ವಕಪ್ ನಡೆದ ಖಂಡಗಳಿಗೆ ಮೂರನೆಯದನ್ನು ಕೊಡುವಂತಿಲ್ಲ ಎಂಬುದು ನಿಯಮ. ಈ ಸಲದ್ದು ಉತ್ತರ ಅಮೆರಿಕದ್ದಾಯಿತು. 2030ರದ್ದನ್ನು ಸ್ಪೇನ್, ಪೋರ್ಚುಗಲ್, ಮೊರಾಕೊಗಳಿಗೆ ಹಂಚಿದರು, ಅಲ್ಲಿಗೆ ಯುರೋಪೂ ಆಫ್ರಿಕವೂ ಮುಗಿದವು. ಮೊದಲ ವಿಶ್ವಕಪ್ಪಿಗೆ ನೂರು ತುಂಬಿತೆಂಬ ನೆಪದಲ್ಲಿ ಉರುಗ್ವೆ, ಅರ್ಜೆಂಟೀನಾ, ಪರಾಗ್ವೆಗಳಿಗೂ ಒಂದೊಂದು ಪಂದ್ಯದ ಪ್ರಸಾದ ಕೊಟ್ಟು ದಕ್ಷಿಣ ಅಮೆರಿಕದ ಕೈಯನ್ನೂ ತೊಳೆಸಿದರು. ಇನ್ನು ಉಳಿದದ್ದು ಏಷ್ಯ ಮತ್ತು ಓಷಿಯಾನಿಯಾ. 2023ರ ಅಕ್ಟೋಬರ್ 4ರಂದು ಇದನ್ನೆಲ್ಲ ಪ್ರಕಟಿಸಿ, 2034ರದ್ದು ಬೇಕಾದವರು ಅಕ್ಟೋಬರ್ 31ರೊಳಗೆ ಕೈಯೆತ್ತಿ ಎಂದರು. ಆಸ್ಟ್ರೇಲಿಯದವರು ಕೊನೆಯ ದಿನದವರೆಗೂ ಲೆಕ್ಕ ಹಾಕಿ ಕೈ ಇಳಿಸಿದರು. ನಮ್ಮಲ್ಲಿ ನಾಮಕರಣಕ್ಕೆ ಛತ್ರ ಗೊತ್ತುಮಾಡುವವರು ಕೂಡ ಇದಕ್ಕಿಂತ ಹೆಚ್ಚು ದಿನ ಯೋಚಿಸುತ್ತಾರೆ.”

“ಆಮೇಲೆ ಮತದಾನ?”

“ಎಲ್ಲಿಯ ಮತದಾನ? 2024ರ ಡಿಸೆಂಬರ್ 11ರಂದು ಪ್ರತಿನಿಧಿಗಳೆಲ್ಲ ಅವರವರ ಕಂಪ್ಯೂಟರುಗಳ ಮುಂದೆ ಕುಳಿತು ಚಪ್ಪಾಳೆ ತಟ್ಟಿದರು. 2030ಕ್ಕೂ 2034ಕ್ಕೂ ಸೇರಿ ಒಂದೇ ಚಪ್ಪಾಳೆ.”

“ಸಹಕಾರ ಸಂಘಗಳ ವಾರ್ಷಿಕ ಸಭೆಯಲ್ಲಿ ಲೆಕ್ಕಪತ್ರ ಪಾಸಾಗುವುದೂ ಹೀಗೆಯೇ. ಆದರೆ ಅಲ್ಲಿ ಕೊನೆಗೆ ಬೋಂಡಾ ಕೊಡುತ್ತಾರೆ,” ಎಂದರು ಸುಬ್ಬಣ್ಣ.

ನಾಣಿಗೆ ತನ್ನ ಪುಸ್ತಕವನ್ನು ಯಾರೂ ಮುಟ್ಟಲಿಲ್ಲವೆಂಬ ಬೇಸರ. “ಹಂಚಿಕೊಂಡರೆ ತಪ್ಪೇನು ಪದ್ದಣ್ಣ? ಒಂದೇ ದೇಶದ ತಲೆಯ ಮೇಲೆ ಎಲ್ಲವನ್ನೂ ಹೇರಿದರೆ ಏನಾಗುತ್ತದೆಂದು 2014ರಲ್ಲಿ ಬ್ರೆಜಿಲಿನಲ್ಲಿ ನೋಡಲಿಲ್ಲವೇ? ಅಮೆಜಾನ್ ಕಾಡಿನ ನಡುವಿನ ಮನಾವ್ಸ್‌ನಲ್ಲಿ ನಲವತ್ತು ಸಾವಿರಕ್ಕೂ ಹೆಚ್ಚು ಆಸನಗಳ ಕ್ರೀಡಾಂಗಣ ಕಟ್ಟಿದರು. ಅಲ್ಲಿ ನಡೆದ ವಿಶ್ವಕಪ್ ಪಂದ್ಯಗಳು ಒಟ್ಟು ನಾಲ್ಕು. ಆ ಊರಿಗೆ ದೇಶದ ಮೊದಲ ದರ್ಜೆಯ ಲೀಗಿನಲ್ಲಿ ಆಡುವ ತಂಡವೊಂದೂ ಇರಲಿಲ್ಲ. ಮೂರು ದೇಶಗಳು ಕೂಡಿದರೆ ಇದ್ದ ಕ್ರೀಡಾಂಗಣಗಳಲ್ಲೇ ಮುಗಿಯುತ್ತದೆ.”

ಈ ಮಾತಿಗೆ ಪದ್ದಣ್ಣ ಒಂದು ಕ್ಷಣ ತಡೆದದ್ದು ಎಲ್ಲರಿಗೂ ಕಾಣಿಸಿತು. “ಒಪ್ಪಿದೆ. ಆದರೆ ಇಷ್ಟು ದೊಡ್ಡ ಮನೆ ಬೇಕಾದದ್ದೇಕೆ ಎಂದು ಕೇಳು. ಮೂವತ್ತೆರಡು ತಂಡಗಳಿದ್ದವು, ನಲವತ್ತೆಂಟು ಮಾಡಿದರು. ಅರವತ್ತನಾಲ್ಕು ಪಂದ್ಯಗಳಿದ್ದವು, ನೂರನಾಲ್ಕಾದವು. ಕರೆಯೋಲೆ ಹೆಚ್ಚು ಅಚ್ಚು ಹಾಕಿಸಿದವರೂ ಅವರೇ, ಮನೆ ಸಾಲದು ಎಂದು ಅಳುವವರೂ ಅವರೇ. ಇನ್ನು ಹಂಚಿಕೆಯ ಚಂದ ನೋಡು. ಈ ಸಲ ಮೆಕ್ಸಿಕೋಗೆ ಹದಿಮೂರು ಪಂದ್ಯ, ಕೆನಡಾಕ್ಕೆ ಹದಿಮೂರು, ಉಳಿದ ಎಪ್ಪತ್ತೆಂಟು ಅಮೆರಿಕಕ್ಕೆ. ನಮ್ಮ ಪತ್ರಿಕೆಗಳವರು ಆ ದೇಶವನ್ನು ದೊಡ್ಡಣ್ಣ ಎಂದು ಸುಮ್ಮನೆ ಕರೆಯುತ್ತಾರೆಯೇ? ಪಾಲುಪಟ್ಟಿ ನೋಡಿಯೇ ಇಟ್ಟ ಹೆಸರದು. ಇಷ್ಟಾದರೂ 1983ರಲ್ಲಿ ಇದೇ ಮೂವರು ಒಂದೇ ವಿಶ್ವಕಪ್ಪಿಗಾಗಿ ಪರಸ್ಪರ ಪೈಪೋಟಿ ನಡೆಸಿದ್ದವರು.”

“ಅದು ಯಾವಾಗಿನ ಮಾತು?”

“86ರದ್ದು. ಅದನ್ನು ಮೊದಲು ಕೊಲಂಬಿಯಕ್ಕೆ ಕೊಟ್ಟಿದ್ದರು. ಫಿಫಾ ಕೇಳಿದ್ದ ವೈಭೋಗವೆಲ್ಲ ನಮ್ಮ ಕೈಲಾಗದು, ನಮಗೆ ಮಾಡಲು ಬೇರೆ ಕೆಲಸವಿದೆ ಎಂದು 1982ರಲ್ಲಿ ಆ ದೇಶದ ಅಧ್ಯಕ್ಷರೇ ಕೈಮುಗಿದರು. ನನಗೆ ಕೇಳಿದರೆ ವಿಶ್ವಕಪ್ಪಿನ ಇತಿಹಾಸದಲ್ಲೇ ಅತ್ಯಂತ ಮರ್ಯಾದಸ್ಥ ಗೃಹಸ್ಥನ ಮಾತದು. ಆಗ ಮೂವರೂ ಓಡಿಬಂದರು, ಗೆದ್ದದ್ದು ಮೆಕ್ಸಿಕೋ. 85ರ ಸೆಪ್ಟೆಂಬರಿನಲ್ಲಿ ರಾಜಧಾನಿಯಲ್ಲಿ ಭೂಕಂಪವಾಗಿ ಸಾವಿರಾರು ಜನ ಸತ್ತರು. ಆದರೂ ಮರುವರ್ಷ ಬಾಗಿಲು ತೆರೆದು ಬನ್ನಿ ಎಂದರಲ್ಲ, ಅದು ಆತಿಥ್ಯ.”

ಮೇಷ್ಟ್ರಿಗೆ ಒಂದೇ ಮನೆಯ ಪಕ್ಷ ವಹಿಸುವವನು 2022ರ ವಿಶ್ವಕಪ್ ನಡೆಸಿದ ಕತಾರನ್ನು ಹೊಗಳಲೇಬೇಕಲ್ಲ ಎಂಬ ತುಂಟತನ ಹೊಳೆಯಿತು. “ನಮ್ಮ ಬೆಳಗಾವಿ ಜಿಲ್ಲೆಗಿಂತ ಚಿಕ್ಕ ದೇಶ. ಎಂಟೂ ಕ್ರೀಡಾಂಗಣಗಳು ಒಂದೇ ಅಂಗಳದಲ್ಲಿದ್ದಂತೆ. ಮೆಟ್ರೊ ಹತ್ತಿ ದಿನಕ್ಕೆ ಎರಡು ಪಂದ್ಯ ನೋಡಿದವರಿದ್ದಾರೆ. ನಿನ್ನ ಲೆಕ್ಕದಲ್ಲಿ ಅದೇ ಆದರ್ಶವಲ್ಲವೇ ಪದ್ದಣ್ಣ?”

“ಮನೆ ಆದರ್ಶವೇ. ಆದರೆ ಸೆಕೆ ತಾಳಲಾಗದೆಂದು ಮುಹೂರ್ತವನ್ನೇ ಜೂನ್‌ನಿಂದ ನವೆಂಬರಿಗೆ ಎತ್ತಿಟ್ಟರು. ಜೂನಿನಲ್ಲಿ ಮರುಭೂಮಿ ಸುಡುತ್ತದೆಂಬ ಸಂಗತಿ, 2010ರ ಡಿಸೆಂಬರಿನಲ್ಲಿ ಜ್ಯೂರಿಕ್‌ನ ಚಳಿಯಲ್ಲಿ ಕುಳಿತು ಮತ ಹಾಕಿ 14–8ರಿಂದ ಕತಾರನ್ನು ಗೆಲ್ಲಿಸಿದ ಫಿಫಾದ ಆ ಇಪ್ಪತ್ತೆರಡು ಮಂದಿಗೆ ಹೊಳೆದಿರಲಿಲ್ಲವೆನ್ನಿಸುತ್ತದೆ. ಇಪ್ಪತ್ತನಾಲ್ಕು ಮಂದಿ ಇರಬೇಕಿತ್ತು, ಮತ ಮಾರಾಟಕ್ಕಿಟ್ಟ ಆರೋಪದಲ್ಲಿ ಇಬ್ಬರನ್ನು ಮೊದಲೇ ಅಮಾನತು ಮಾಡಿದ್ದರು. ಇರಲಿ. 974 ಸರಕು ಕಂಟೇನರುಗಳನ್ನು ಸೇರಿಸಿ ಕ್ರೀಡಾಂಗಣವೊಂದನ್ನು ಕಟ್ಟಿದರಲ್ಲ, ಮದುವೆ ಮುಗಿದ ಮೇಲೆ ಚಪ್ಪರ ಬಿಚ್ಚುವ ಹಾಗೆ ಬಿಚ್ಚಬಹುದಂತೆ, ಅದು ನನಗೆ ನಿಜಕ್ಕೂ ಮೆಚ್ಚುಗೆಯಾಯಿತು. ಮೆಚ್ಚದ್ದು ಇನ್ನೊಂದು. ಆ ಮನೆಗಳನ್ನೆಲ್ಲ ಕಟ್ಟಿದವರು ನೇಪಾಳದವರು, ಬಾಂಗ್ಲಾದೇಶದವರು, ನಮ್ಮವರು. ಗೃಹಪ್ರವೇಶದ ಎಲೆ ಹಾಕಿದಾಗ ಅವರಲ್ಲಿ ಎಷ್ಟು ಜನ ಪಂಕ್ತಿಯಲ್ಲಿದ್ದರು?”

ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಸುಬ್ಬಣ್ಣನವರಿಗೆ ಮೌನವೆಂದರೆ ಭಯ. “ಮತ ಹಾಕುವವರಿಗೆ ಉಡುಗೊರೆ ಸಿಗುತ್ತದೆಯೆನ್ನುವುದು ನಿಜವೇ?” ಎಂದು ಕೇಳಿಬಿಟ್ಟರು.

“ಒಂದು ಉಡುಗೊರೆಯ ಕಥೆ ಹೇಳುತ್ತೇನೆ, ಕೇಳಿ. 2000ದಲ್ಲಿ, 2006ರ ವಿಶ್ವಕಪ್ಪಿಗೆ ಜರ್ಮನಿಗೂ ದಕ್ಷಿಣ ಆಫ್ರಿಕಕ್ಕೂ ಪೈಪೋಟಿ. ಮತದಾನದ ಹಿಂದಿನ ರಾತ್ರಿ ಜರ್ಮನಿಯ ಹಾಸ್ಯ ಪತ್ರಿಕೆಯೊಂದು ಸದಸ್ಯರಿಗೆ ಫ್ಯಾಕ್ಸ್ ಕಳಿಸಿ, ದಯವಿಟ್ಟು ಜರ್ಮನಿಗೆ ಮತ ಹಾಕಿ, ನಿಮಗೆ ಒಂದು ಬುಟ್ಟಿ ಮಾಂಸದ ತಿನಿಸನ್ನೂ ಕೋಗಿಲೆ ಕೂಗುವ ಗೋಡೆ ಗಡಿಯಾರವನ್ನೂ ಕೊಡುತ್ತೇವೆ ಎಂದಿತು. ಶುದ್ಧ ಕುಚೋದ್ಯ. ಮರುದಿನ ನ್ಯೂಜಿಲೆಂಡಿನ ಪ್ರತಿನಿಧಿ ಕೊನೆಯ ಸುತ್ತಿನಲ್ಲಿ ಮತವನ್ನೇ ಹಾಕಲಿಲ್ಲ. ಒತ್ತಡ ತಾಳಲಾಗಲಿಲ್ಲ ಎಂದರು. ಜರ್ಮನಿ 12–11ರಿಂದ ಗೆದ್ದಿತು.”

ಒಳಗಿನಿಂದ ಕಾಫಿ ತಂದ ಸರೋಜಮ್ಮ ಬಾಗಿಲಲ್ಲೇ ನಿಂತು ಕೇಳಿದರು: “ಪಾಪ, ಗಡಿಯಾರವಾದರೂ ಬಂತೇ ಅವರಿಗೆ?”

ಅದೊಂದು ಮಾತ್ರ ಪದ್ದಣ್ಣನಿಗೆ ಗೊತ್ತಿರಲಿಲ್ಲ.

ಕಾಫಿ ಕುಡಿದ ನಾಣಿ ಹೊಸ ಹುರುಪಿನಿಂದ ಎದ್ದ. ಹಂಚಿಕೆಯ ಕಾಲ ಬಂದದ್ದು ನಮ್ಮ ಪುಣ್ಯವೆಂಬುದು ಅವನ ಹೊಸ ವಾದ. ಆತಿಥೇಯರಿಗೆ ಅರ್ಹತಾ ಪಂದ್ಯಗಳಿಲ್ಲ, 2030ರಲ್ಲಿ ಒಂದೇ ಪಂದ್ಯ ನಡೆಸುವ ಪರಾಗ್ವೆಗೂ ನೇರ ಪ್ರವೇಶವಿದೆ. ಆದ್ದರಿಂದ ಭಾರತವೂ ಯಾರದಾದರೂ ಮನೆಯ ಒಂದು ಮೂಲೆಯನ್ನು ಬಾಡಿಗೆಗೆ ಹಿಡಿದರೆ, ಯಾರನ್ನೂ ಸೋಲಿಸದೆ ವಿಶ್ವಕಪ್ ಆಡಬಹುದು.

“ಅಡುಗೆ ಮಾಡಿದವನಿಗೆ ಊಟ ಖಾತ್ರಿ ಎನ್ನುತ್ತೀಯ,” ಎಂದ ಪದ್ದಣ್ಣ. “ಅದನ್ನೂ ಮಾಡಿ ನೋಡಿದ್ದೇವಪ್ಪ. 2017ರಲ್ಲಿ ಹದಿನೇಳು ವರ್ಷದೊಳಗಿನವರ ವಿಶ್ವಕಪ್ ನಮ್ಮಲ್ಲೇ ನಡೆಯಿತು. ದೆಹಲಿ, ಕೋಲ್ಕತ್ತ, ಗುವಾಹಟಿ, ನವಿ ಮುಂಬೈ, ಗೋವಾ, ಕೊಚ್ಚಿ. ನಮ್ಮ ಹುಡುಗರು ಮೂರೂ ಪಂದ್ಯ ಸೋತರು, ಹೊಡೆದದ್ದು ಒಂದೇ ಗೋಲು. ಮಣಿಪುರದ ಜೀಕ್ಸನ್ ಸಿಂಗ್ ಕೊಲಂಬಿಯದ ವಿರುದ್ಧ ಹೊಡೆದ ಆ ಹೆಡರನ್ನು ನೆನೆದರೆ ಇವತ್ತಿಗೂ ನನಗೆ ಮೈ ಜುಮ್ಮೆನ್ನುತ್ತದೆ. ಆದರೆ ಆ ಆರು ಊರುಗಳಲ್ಲಿ ನಮ್ಮ ಬೆಂಗಳೂರು ಇರಲಿಲ್ಲ. ಪೆಲೆಯ ಪ್ರತಿಮೆ ನಿಲ್ಲಿಸಿಕೊಂಡಿರುವ ಗೌತಮಪುರ ಇರುವ ಊರದು! ನಾನು ರೈಲು ಹತ್ತಿ ಕೊಚ್ಚಿಗೆ ಹೋಗಿ ಬ್ರೆಜಿಲ್–ಸ್ಪೇನ್ ನೋಡಿ ಬಂದೆ. ಪಕ್ಕದ ಮನೆಯ ಮದುವೆಯಲ್ಲಿ ಉಂಡ ಹಾಗಾಯಿತು. ರುಚಿಯಾಗಿತ್ತು, ಆದರೆ ಬಡಿಸಿದವರು ನಮ್ಮವರಲ್ಲ.”

“ಹಾಗಾದರೆ ನಿನ್ನ ಪ್ರಕಾರ ಸರಿಯಾದ ಆತಿಥ್ಯ ಯಾವುದಪ್ಪ?” ಎಂದು ನಾಣಿ ಸವಾಲು ಹಾಕಿದ.

“1930ರದ್ದು. ಹದಿಮೂರು ತಂಡ, ಹದಿನೆಂಟು ಪಂದ್ಯ, ಎಲ್ಲವೂ ಮಾಂಟೆವಿಡಿಯೊ ಎಂಬ ಒಂದೇ ಊರಿನಲ್ಲಿ. ದಾರಿಖರ್ಚು, ಊಟ, ವಸತಿ ನಮ್ಮದು ಎಂದು ಉರುಗ್ವೆಯವರು ಹೇಳಿದರೂ ಯುರೋಪಿನಿಂದ ಬಂದವರು ನಾಲ್ಕೇ ತಂಡ. ಫ್ರಾನ್ಸ್, ಬೆಲ್ಜಿಯಂ, ರುಮೇನಿಯದ ಹುಡುಗರು ಒಂದೇ ಹಡಗಿನಲ್ಲಿ, ದಾರಿಯುದ್ದಕ್ಕೂ ಡೆಕ್ಕಿನ ಮೇಲೆ ಕಸರತ್ತು ಮಾಡುತ್ತ ಬಂದರು. ಅಂಥ ಊರಿಗೆ ಈಗ ಶತಮಾನೋತ್ಸವದ ಹೆಸರಿನಲ್ಲಿ ಒಂದು ಪಂದ್ಯ ಕೊಟ್ಟು, ಮಾರನೆಯ ಆಟಕ್ಕೆ ಹತ್ತು ಸಾವಿರ ಕಿಲೋಮೀಟರ್ ಆಚೆಗೆ ನಡೆಯಿರಿ ಎನ್ನುತ್ತಾರೆ. ಅಜ್ಜನ ಶಾಂತಿ ಹೋಮಕ್ಕೆ ಅಜ್ಜನ ಮನೆಯಲ್ಲಿ ಅರಿಶಿನ ಕುಂಕುಮ ಹಚ್ಚಿ, ಊಟವನ್ನು ಮೊಮ್ಮಗನ ಅಪಾರ್ಟ್‌ಮೆಂಟಿನಲ್ಲಿ ಇಟ್ಟುಕೊಂಡಂತೆ.”

“1930ರಲ್ಲಿ ನೀನು ಹುಟ್ಟಿಯೇ ಇರಲಿಲ್ಲ. ನೋಡಿದ್ದನ್ನು ಹೇಳು,” ಎಂದರು ಮೇಷ್ಟ್ರು.

ಪದ್ದಣ್ಣ ಅಡಿಕೆಯ ಚೂರುಗಳನ್ನು ಬೆರಳಿನಿಂದ ಒಂದೆಡೆ ಗುಡ್ಡೆ ಮಾಡಿದ. “ನೋಡಿದ್ದು ಹಲಸೂರಿನಲ್ಲಿ. 1986ರ ಜೂನ್ 29. ಅರ್ಜೆಂಟೀನಾಕ್ಕೂ ಪಶ್ಚಿಮ ಜರ್ಮನಿಗೂ ಫೈನಲ್. ನಮ್ಮ ಬೀದಿಯಲ್ಲಿ ಬಣ್ಣದ ಟಿವಿ ಇದ್ದದ್ದು ಹವಾಲ್ದಾರ್ ಮಾವನ ಮನೆಯಲ್ಲಿ ಮಾತ್ರ. ಆಟ ರಾತ್ರಿ ಹನ್ನೊಂದೂವರೆಗೆ. ಅವರು ಯಾರನ್ನೂ ಕರೆಯಲಿಲ್ಲ, ಬಾಗಿಲನ್ನು ಹಾಕಲಿಲ್ಲ, ಅಷ್ಟೇ. ಒಳಗೆ ಜಾಗ ಸಾಲದೆ ನಾವು ಹುಡುಗರು ಕಿಟಕಿಯ ಸರಳು ಹಿಡಿದು ನೇತಾಡುತ್ತಿದ್ದೆವು. ಜರ್ಮನಿಯವರು ಎರಡು ಗೋಲು ತೀರಿಸಿದಾಗ ಸೂಜಿ ಬಿದ್ದರೂ ಕೇಳಿಸುವಂತಿತ್ತು. ಆರು ನಿಮಿಷ ಉಳಿದಿದ್ದಾಗ ಅರ್ಜೆಂಟೀನಾದ ಮರಡೋನಾ ಚೆಂಡು ದಾಟಿಸಿದ, ಬುರುಚಾಗ ಓಡಿದ, ಗೋಲು. ಆ ಕೂಗಿಗೆ ಬೀದಿಯ ನಾಯಿಗಳೆಲ್ಲ ಎದ್ದು ನಿಂತವು. ಅತ್ತೆ ದೊಡ್ಡ ಪಾತ್ರೆಯಲ್ಲಿ ಚಹಾ ಹಿಡಿದು ಬಂದು, ಯಾರು ಗೆದ್ದರೆಂದು ಕೇಳದೆ, ಯಾರಿಗೆ ಸಿಗಲಿಲ್ಲ ಎಂದು ಕೇಳುತ್ತಿದ್ದರು. ಹೊರಗೆ ಚಪ್ಪಲಿಗಳು ಗುಡ್ಡದ ಹಾಗೆ ಬಿದ್ದಿದ್ದವು. ಕತ್ತಲಲ್ಲಿ ಸಿಕ್ಕಿದ್ದನ್ನು ಮೆಟ್ಟಿಕೊಂಡು ಬಂದೆ. ಬೆಳಿಗ್ಗೆ ನೋಡಿದರೆ ಬಲಗಾಲಿನದು ನನ್ನದು, ಎಡಗಾಲಿನದು ಯಾರದೋ. ಕೊನೆಗೂ ಗೊತ್ತಾಗಲಿಲ್ಲ.”

ಆ ಫೈನಲ್ ನಡೆದ ಅಜ್ಟೆಕಾ ಕ್ರೀಡಾಂಗಣದಲ್ಲೇ ಈ ಸಲದ ಮೊದಲ ಪಂದ್ಯವೂ ನಡೆಯುತ್ತದೆಂಬುದು ಎಲ್ಲರಿಗೂ ತಿಳಿದಿತ್ತು, ಆದರೆ ಯಾರೂ ಅದನ್ನು ಹೇಳಲಿಲ್ಲ. ನಾಣಿ ತನ್ನ ಪುಸ್ತಕದ ಕೊನೆಯ ಪುಟವನ್ನು, ಚಪ್ಪಲಿ ಜಾಗದ ನಕ್ಷೆಯನ್ನು, ನೋಡುತ್ತ ಕುಳಿತಿದ್ದ. ಅದರಲ್ಲಿ ಜೋಡಿ ಜೋಡಿಯಾಗಿ ಅಂಕಿ ಹಾಕಿದ್ದ.

ಲೋಟಗಳನ್ನು ಎತ್ತಲು ಬಂದ ಸರೋಜಮ್ಮ ಎಲ್ಲರ ಮುಖ ನೋಡಿದರು. “ಯಾರ ಮನೆ ಎಂದು ಇಷ್ಟು ಹೊತ್ತು ವಾದವೇ? ಇಲ್ಲೇ ನೋಡಿ. ನಾನು ಹತ್ತಕ್ಕೆ ಮಲಗುತ್ತೇನೆ, ಡಿಕಾಕ್ಷನ್ ಇಳಿಸಿಟ್ಟಿರುತ್ತೇನೆ.”

ಪದ್ದಣ್ಣ ಚಪ್ಪಾಳೆ ತಟ್ಟಿದ. ಮೇಷ್ಟ್ರು ತಟ್ಟಿದರು. ಕೊನೆಗೆ ನಾಣಿಯೂ ತಟ್ಟಿದ. ಮನೆಯ ಯಜಮಾನರಾದ ಸುಬ್ಬಣ್ಣನವರನ್ನು ಯಾರೂ ಕೇಳಲಿಲ್ಲ.

“ಹಾಲು ಎಷ್ಟು ತರಿಸಿಡಲಿ? ಎಷ್ಟು ಜನ ಬರುತ್ತೀರಿ?”

ಪದ್ದಣ್ಣ ಬೀದಿಯ ಕಡೆ ನೋಡಿದ. ಎದುರು ಮನೆಯ ಹುಡುಗ ಕಾಂಪೌಂಡಿನ ಮೇಲೆ ಒಬ್ಬನೇ ಕುಳಿತು ಮೊಬೈಲಿನಲ್ಲಿ ಯಾವುದೋ ಪಂದ್ಯ ನೋಡುತ್ತಿದ್ದ.

“ನಾಲ್ಕು ಜನ,” ಎಂದ.

“ನಾಲ್ಕೇನಾ? ಅರ್ಧ ಲೀಟರ್ ಸಾಕು ಬಿಡಿ,” ಎಂದು ಸರೋಜಮ್ಮ ಒಳಗೆ ಹೋದರು.