ಟಾನ್ಸಿಲ್ ಆಪರೇಷನ್ ಆಯ್ತು, ಈಗ ಕಿವಿ ನೋವು ಅಂತ ಅಳುತ್ತಾಳೆ

ಮಗಳಿಗೆ 5 ವರ್ಷ. ಜಯನಗರದಲ್ಲಿ ಟಾನ್ಸಿಲ್ ತೆಗೆಸಿ ಮನೆಗೆ ಬಂದ ಮೇಲೆ ಮೊದಲು ಆರಾಮಾಗೇ ಇದ್ದಳು, ಈಗ ಕಿವಿ ನೋವು, ಬಾಯಿ ವಾಸನೆ, ಗಂಟಲಲ್ಲಿ ಬೆಳ್ಳಗೆ ಏನೋ ಕಟ್ಟಿದೆ. ಕೀವಾ?

ಉತ್ತರ 1: ಕೀವಲ್ಲ, ಗಾಯ ಮಾಯುವಾಗ ಕಟ್ಟುವ ಪೊರೆ. ಗಂಟಲ ನೋವೇ ಕಿವಿಗೆ ಹೊಡೆಯುತ್ತದೆ. ಊಟ ಬಿಟ್ಟರೂ ಪರವಾಗಿಲ್ಲ, ನೀರು ಬಿಡಬಾರದು. ಡಾಕ್ಟರ್ ಹೇಳಿದ ಹೊತ್ತಿಗೆ ಪ್ಯಾರಾಸಿಟಮಾಲ್ ಕೊಟ್ಟು, ಅರ್ಧ ಗಂಟೆ ಬಿಟ್ಟು ತಣ್ಣಗಿನ ರಾಗಿ ಗಂಜಿನೋ ನುಣ್ಣಗೆ ಕಿವುಚಿದ ಮೊಸರನ್ನನೋ ತಿನ್ನಿಸಿ. ಖಾರದ ಸಾರು, ಚಕ್ಕುಲಿ ಸದ್ಯಕ್ಕೆ ಬೇಡ.

ಉತ್ತರ 2: 5ರಿಂದ 10ನೇ ದಿನದೊಳಗೆ ಪೊರೆ ಉದುರುವಾಗ ಜಾಸ್ತಿ ಹುಷಾರಾಗಿರಿ. ಕೆಂಪು ರಕ್ತ ಉಗುಳಿದರೆ, ನಿದ್ದೆಯಲ್ಲೂ ಪದೇ ಪದೇ ನುಂಗುತ್ತಿದ್ದರೆ, ಮಧ್ಯರಾತ್ರಿಯಾದರೂ ಎಮರ್ಜೆನ್ಸಿಗೆ ಓಡಿ.

ಕೇಳಿದವರು: ಸರಿ, ಅತ್ತೆಯವರಿಗೂ ಹೇಳುತ್ತೇನೆ, ಕಷಾಯ ಕುದಿಸ್ತಾ ಇದ್ದಾರೆ!